ಪೇಟಿ ಮಾಸ್ತರರ ಕೆಂಪು ಗುರುತುಗಳು

ಅವತ್ತು ನಳ ಬರುವ ದಿನ. ಗೋಕಾಕದ ನಮ್ಮ ಓಣಿಗೆ ನಾಲ್ಕು ದಿನಕ್ಕೊಮ್ಮೆ ನೀರು ಬಿಡುತ್ತಾರೆ. ಬಿಟ್ಟ ದಿನ ಮನೆಯ ಉಳಿದ ಕೆಲಸಗಳೆಲ್ಲ ನೀರಿನ ಹಿಂದೆ ಸಾಲಾಗಿ ನಿಲ್ಲಬೇಕು. ಆರೂವರೆಗೆ ಮೋಟಾರು ಹಚ್ಚಿದೆ. ಅದು ಇರುವುದು ಅಡುಗೆಮನೆಯ ಗೋಡೆಗೆ ಆತುಕೊಂಡು. ಓಡತೊಡಗಿತೆಂದರೆ ಎದುರಿಗೆ ನಿಂತವರ ಮಾತನ್ನೂ ತುಟಿ ನೋಡಿ ತಿಳಿದುಕೊಳ್ಳಬೇಕು. ನಮ್ಮವರು ಏಳೂವರೆಯ ಬಸ್ಸಿಗೆ ಅರಭಾವಿಗೆ ಕೆಲಸಕ್ಕೆ ಹೋಗುವವರು. ಅವರ ಡಬ್ಬಿಗೆ ನಾಲ್ಕು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಚಟ್ನಿ ಮುಗಿದಿತ್ತು, ಮಿಕ್ಸರನ್ನೂ ಹಚ್ಚಿದೆ.

ಅದಕ್ಕೂ ಮೊದಲು ಅತ್ತೆಯವರ ಮುಖ ತೊಳೆಸಿ, ಹಣೆಗೆ ವಿಭೂತಿ ಹಚ್ಚಿ, ಹಿಂದಿನ ಕೋಣೆಯ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂಡಿಸಿದ್ದೆ. ಅಲ್ಲಿ ಎಳೆಬಿಸಿಲು ಬೀಳುತ್ತದೆ. ಎಂಬತ್ತು ದಾಟಿದ ಜೀವ. ಎರಡು ವರ್ಷದಿಂದ ಮರೆವು ಹೆಚ್ಚುತ್ತ ಬಂದಿದೆ. ಮೊದಲು ಟಿವಿಯ ಧಾರಾವಾಹಿಗಳ ಹೆಸರು ಹೋದವು, ಆಮೇಲೆ ಮೊಮ್ಮಕ್ಕಳವು. ಈಗ ನನ್ನನ್ನು ತಮ್ಮ ತೀರಿಹೋದ ತಂಗಿಯೆಂದು ತಿಳಿದು ಮಾತಾಡಿಸುತ್ತಾರೆ. ಕೈ ಖಾಲಿ ಇದ್ದರೆ ಸೆರಗಿನ ದಾರ ಬಿಚ್ಚುತ್ತ ಕೂರುತ್ತಾರೆ. ಅದಕ್ಕೆ ಕೈಗೊಂದು ಮರದ ಗೂಟ ಕೊಡುತ್ತೇನೆ. ಗೇಣುದ್ದದ್ದು, ಹಿಡಿದು ಹಿಡಿದು ನುಣುಪಾದದ್ದು. ಬೀಸುಕಲ್ಲಿನ ಗೂಟ. ಅದನ್ನು ಕಿಟಕಿಯ ಕಟ್ಟೆಯ ಮೇಲೆ ಊರಿ ದುಂಡಗೆ ತಿರುಗಿಸುತ್ತ ಕೂತರೆ ಒಂದು ತಾಸು ನನ್ನನ್ನು ಕರೆಯುವುದಿಲ್ಲ. ಅವತ್ತೂ ಕೊಟ್ಟೆ. ಕೊಟ್ಟು ಬಂದವಳು ಮತ್ತೆ ಆ ಕಡೆ ಹಣಿಕಿ ನೋಡಲಿಲ್ಲ.

ಎಂಟೂಕಾಲಿಗೆ ಟಾಕಿ ತುಂಬಿತು. ಮೋಟಾರು ಬಂದ್ ಮಾಡಿದೆ. ಕಿವಿ ಇನ್ನೂ ಗುಂಯ್ ಎನ್ನುತ್ತಿತ್ತು, ಫೋನು ಬಂತು. ಪೇಟಿ ಮಾಸ್ತರರ ಹೆಂಡತಿ.

"ಜರಾ ಬಂದ ಹೋಗ್ರಿ. ಮಾಸ್ತರ ಏಳವಲ್ರು."

ಅವರ ಮನೆ ನಮ್ಮ ಹಿಂದಿನ ಓಣಿಯಲ್ಲಿ. ಹೋದೆ. ಮಾಸ್ತರು ಪಡಸಾಲೆಯ ಮೇಜಿನ ಮೇಲೆ ಪೇಪರು ಹರಡಿಕೊಂಡು, ಅದರ ಮೇಲೆ ಕೆನ್ನೆ ಇಟ್ಟು ಮಲಗಿದಂತಿದ್ದರು. ಕನ್ನಡಕ ಒಂದು ಕಿವಿಯಿಂದ ಜಾರಿ ತೂಗುತ್ತಿತ್ತು. ಪಕ್ಕದ ಬಸಿಯಲ್ಲಿ ಒಂದು ಗುಟುಕು ಚಹಾ ಉಳಿದಿತ್ತು.

"ಏಳೂವರಿಗೆ ಚಾ ಕೊಟ್ಟೆ. ಕುಡದ್ರು. ಸಕ್ರಿ ಜಾಸ್ತಿ ಆತು ಅಂತ ನನಗ ಬೈದ್ರು. ಎಂಟಕ್ಕ ಹೊರಗ ಬಂದ ನೋಡಿದ್ರ ಹಿಂಗ..." ಎಂದರು ಅವರ ಹೆಂಡತಿ. ಅಳುತ್ತಿರಲಿಲ್ಲ. ಸೆರಗಿನ ತುದಿಯಿಂದ ಆ ಕನ್ನಡಕವನ್ನು ಒರೆಸಿ ಒರೆಸಿ ಮತ್ತೆ ಅವರ ಕಿವಿಗೆ ಸಿಕ್ಕಿಸಲು ನೋಡುತ್ತಿದ್ದರು.

ಮಾಸ್ತರರಿಗೆ ಒಂದು ಹೆಸರಿತ್ತು. ಈ ಊರಲ್ಲಿ ಅದನ್ನು ಬಳಸಿದವರನ್ನು ನಾನು ಕಾಣೆ. ಹುಕ್ಕೇರಿ ಕಡೆಯ ಹಳ್ಳಿಯವರು. ನೌಕರಿಯೆಲ್ಲ ಮೂಡಲಗಿಯಲ್ಲಿ, ಹೈಸ್ಕೂಲಿನ ಸಂಗೀತ ಮಾಸ್ತರಿಕೆ. ನಿವೃತ್ತರಾಗುವ ಮೊದಲೇ ಗೋಕಾಕಕ್ಕೆ ಬಂದು ಮನೆ ಕಟ್ಟಿದರು. ಪೇಟಿ ಅಂದರೆ ಹಾರ್ಮೋನಿಯಂ. ಅದನ್ನು ಅವರು ಎಷ್ಟು ನುಡಿಸುತ್ತಿದ್ದರೋ ಅಷ್ಟೇ ಮಾತಾಡಿಸುತ್ತಿದ್ದರು. ಎಲ್ಲರಿಗೂ 'ರಿ' ಹಚ್ಚುವ ಮನುಷ್ಯ. ಆರನೆಯ ಇಯತ್ತೆಯ ಹುಡುಗಿಗೂ "ಬರ್ರಿ ಅಕ್ಕಾರ, ಕುಂದರ್ರಿ" ಅನ್ನುವವರು. ಪೇಟಿಗೂ ಅದೇ ಮರ್ಯಾದೆ. ಚಳಿಗಾಲದ ಮುಂಜಾನೆ ಅದರ ಸ್ವರ ಬಿಗಿದುಕೊಂಡರೆ, "ಇವತ್ತ ಪೇಟಿಯವರು ಸಿಟ್ಟಾಗ್ಯಾರ. ಥಂಡಿ ಭಾಳ ಐತಲ್ಲ, ಅವರಿಗೂ ಕಂಬಳಿ ಬೇಕ" ಎಂದು ಶಾಲು ಹೊದಿಸುವರು.

ಸೈಕಲ್ಲು ಬಿಟ್ಟು ಎಷ್ಟೋ ವರ್ಷವಾದ ಮೇಲೂ ಬಲಗಾಲಿನ ಪ್ಯಾಂಟಿಗೆ ಸೈಕಲ್ಲಿನ ಕ್ಲಿಪ್ಪು ಹಾಕಿಕೊಂಡೇ ಹೊರಗೆ ಬರುತ್ತಿದ್ದರು. ನಾನೊಮ್ಮೆ ಅದನ್ನು ನೋಡಿದ್ದು ಕಂಡು, "ಕಾಲಿಗಿ ಇನ್ನೂ ಸುದ್ದಿ ಮುಟ್ಟಿಲ್ಲರಿ" ಎಂದು ನಕ್ಕರು.

ಆ ಸೈಕಲ್ಲಿನ ಮೇಲೆಯೇ ಅವರು ತಮ್ಮ ದೊಡ್ಡ ಕೆಲಸ ಮಾಡಿದ್ದು. ಹಳ್ಳಿಗಳಿಗೆಲ್ಲ ಹಿಟ್ಟಿನ ಗಿರಣಿ ಬಂದು, ಹೆಂಗಸರು ಕಲ್ಲಿನ ಮುಂದೆ ಕೂರುವುದು ನಿಂತುಹೋದ ಕಾಲ. ಕಲ್ಲು ನಿಂತ ಮೇಲೆ ಬೀಸುವ ಪದಗಳೂ ನಿಂತವು. ರವಿವಾರ ಬಂತೆಂದರೆ ಮಾಸ್ತರು ಮೂಡಲಗಿಯಿಂದ ಕಲ್ಲೋಳಿ, ಅರಭಾವಿ, ಅಂಕಲಗಿ ಎಂದು ಹೊರಡುವರು. ಹಾಡು ಬಲ್ಲ ಮುದುಕಿಯರನ್ನು ಹುಡುಕಿ ಅವರ ಕಟ್ಟೆಯ ಮೇಲೆ ಕೂರುವರು. ಮೊದಮೊದಲು ಏನೂ ಸಿಗಲಿಲ್ಲವಂತೆ. ಹಾಡ್ರಿ ಎಂದರೆ ಮುದುಕಿಯರು ಒಂದು ಸಾಲು ಹಾಡಿ, "ಮುಂದಿಂದ ನೆನಪ ಹಾರೇತಿ ಯಪ್ಪಾ" ಎಂದು ಎದ್ದುಬಿಡುವರು. ಆಮೇಲೆ ಅಂಕಲಗಿಯ ಒಬ್ಬಾಕೆ ಮಾತಿನ ನಡುವೆ ಕೈಯನ್ನು ಸುಮ್ಮನೆ ದುಂಡಗೆ ಆಡಿಸಿದಾಗ ಮುಂದಿನ ಸಾಲು ತಾನಾಗಿ ಬಂದಿತು. ಹಾಡು ಅವರ ಬಾಯಲ್ಲಿರಲಿಲ್ಲ, ತೋಳಿನಲ್ಲಿತ್ತು.

ಮುಂದಿನ ವಾರದಿಂದ ಮಾಸ್ತರರ ಚೀಲದಲ್ಲಿ ನೋಟುಬುಕ್ಕಿನ ಜೊತೆಗೆ ಒಂದು ಗೂಟ ಇರತೊಡಗಿತು. ಯಾರದೋ ಮನೆಯ ಒಡೆದ ಬೀಸುಕಲ್ಲಿನದು. ಕಲ್ಲು ಇದ್ದ ಮನೆಯಲ್ಲಿ ಕಲ್ಲಿಗೆ ಹಾಕುವರು. ಕಲ್ಲನ್ನು ಬಚ್ಚಲಿಗೆ ಮೆಟ್ಟಿಲು ಮಾಡಿಕೊಂಡ ಮನೆಯಲ್ಲಿ ಬರಿಯ ನೆಲದ ಮೇಲೆಯೇ ಮುದುಕಿಯ ಕೈಗೆ ಗೂಟ ಕೊಟ್ಟು, "ತಿರುವ್ರಿ ಅವ್ವಾರ, ಜ್ವಾಳ ಐತಿ ಅಂತ ತಿಳ್ಕೋರಿ" ಎನ್ನುವರು. ಗೂಟ ನಾಲ್ಕು ಸುತ್ತು ತಿರುಗುವುದರೊಳಗೆ ಮುದುಕಿಯ ಕಣ್ಣು ಮುಚ್ಚುತ್ತಿದ್ದವು, ಬಾಯಿ ತೆರೆಯುತ್ತಿತ್ತು. ಹನ್ನೆರಡು ಹೆಂಗಸರಿಂದ ಹೀಗೆ ಹಾಡು ಇಳಿಸಿಕೊಂಡರು. ಆ ಹನ್ನೆರಡು ಮಂದಿಯಲ್ಲಿ ಕಲ್ಲೋಳಿಯ ನಮ್ಮ ಅತ್ತೆಯವರೂ ಒಬ್ಬರು.

ಇಳಿಸಿಕೊಂಡ ಪದಗಳನ್ನು ಪೇಟಿಗೆ ಕೂಡಿಸಿದರು. ಒಂದು ತಾಸಿನ ಹಾಡನ್ನು ಐದು ನಿಮಿಷಕ್ಕೆ ತಂದರು. ತಬಲಾ ಸೇರಿಸಿದರು, ಹತ್ತು ಜನ ಒಂದೇ ದನಿಯಲ್ಲಿ ಹಾಡುವಂತೆ ಮಾಡಿದರು. ಓಣಿಯ ಹೆಂಗಸರ ಭಜನಾ ಮೇಳ ಕಟ್ಟಿ, ಸೋಮವಾರ ಸೋಮವಾರ ಕಲಿಸಿದರು. ರೇಡಿಯೋಕ್ಕೆ ಹೋದರು. ಕ್ಯಾಸೆಟ್ಟು ಬಂದವು. ಮದುವೆಯ ಮನೆಯ ಧ್ವನಿವರ್ಧಕದಿಂದ, ಟ್ರ್ಯಾಕ್ಟರಿನ ಟೇಪಿನಿಂದ ಅಜ್ಜಿಯರ ಪದ ಕೇಳಿಬಂತು. ಕಲ್ಲೇ ಕಾಣದ ಹುಡುಗಿಯರು ಬೀಸುವ ಪದ ಹಾಡಿದರು. ಅವರಿಲ್ಲದಿದ್ದರೆ ಒಂದು ಸಾಲೂ ಉಳಿಯುತ್ತಿರಲಿಲ್ಲ. ಇದನ್ನು ನಾನು ಮೊದಲೇ ಬರೆಯಬೇಕು, ಏಕೆಂದರೆ ಕೊನೆಯ ವರ್ಷಗಳಲ್ಲಿ ಅವರಿಗೆ ಇದನ್ನು ಯಾರು ಹೇಳಿದರೂ ಕೇಳಿಸುತ್ತಿರಲಿಲ್ಲ.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಪ್ರಾರ್ಥನೆಯ ಹಾಡಿನ ಗುಂಪಿನಲ್ಲಿದ್ದೆ. ಸಿಸ್ಟರ್ ಒಬ್ಬರು ಉಕ್ಕಿನ ಕವೆಯಂಥದ್ದನ್ನು ಮೇಜಿಗೆ ಬಡಿದು, ಅದರ ನಾದಕ್ಕೆ ನಮ್ಮ ದನಿ ಕೂಡಿಸುವರು. ಕೂದಲೆಳೆಯಷ್ಟು ಇಳಿದರೂ ಬೆರಳ ಗೆಣ್ಣಿನ ಮೇಲೆ ಪೆನ್ಸಿಲ್ಲಿನ ಏಟು. ಆ ಕಿವಿ ಹೊತ್ತುಕೊಂಡು ಮದುವೆಯಾಗಿ ಬಂದೆ. ಕಲ್ಲೋಳಿಯ ಮನೆಯಲ್ಲಿ ಶುಭಕಾರ್ಯಕ್ಕೆಂದು ಅತ್ತೆಯವರು ಕಲ್ಲಿನ ಮುಂದೆ ಕೂತು ಹಾಡಿದ್ದನ್ನು ಒಮ್ಮೆ ಕೇಳಿದ್ದೆ.

ಹಿಡಿ ಜ್ವಾಳ ಸುರದೇನ ಹಿರಿಕಲ್ಲ ತಿರುವೇನ
ಕಡಿಗ್ಯಾರ ನೆನಪ ಉಳದೀತ | ನನ ಕಲ್ಲ
ಬಿಡದಂಗ ತಿರುಗ ಬೆಳತನಕ

ಎರಡನೆಯ ಸಾಲಿನ ಕೊನೆಗೆ 'ನನ ಕಲ್ಲ' ಎನ್ನುವಾಗ ಅವರ ದನಿ ಇರಬೇಕಾದಲ್ಲಿ ಇರಲಿಲ್ಲ. ನನ್ನ ಬೆರಳ ಗೆಣ್ಣು ತಾನಾಗಿ ಮಡಚಿಕೊಂಡಿತು. ಪಾಪ, ಹಳ್ಳಿಯವರು, ಯಾರು ಕಲಿಸಬೇಕು ಎಂದುಕೊಂಡೆ. ಮುಂದೆ ಗೋಕಾಕಕ್ಕೆ ಬಂದು ಅದೇ ಪದವನ್ನು ಮಾಸ್ತರರ ಮೇಳದ ಬಾಯಲ್ಲಿ ಕೇಳಿದಾಗ ಅದೆಷ್ಟು ಅಚ್ಚುಕಟ್ಟಾಗಿತ್ತು! ಹೋಗಿ ಹೇಳಿಯೂ ಬಂದೆ: "ಸರ್, ನಮ್ಮ ಅತ್ತಿ ಹಾಡ ಈಗ ಕೇಳೂಹಂಗ ಆತ್ರಿ."

ಮಾಸ್ತರು ಎದೆಯ ಮೇಲೆ ಕೈಯಿಟ್ಟು ಬಾಗಿದರು. ಬಹಳ ಖುಷಿಪಟ್ಟರು.

ಮೂರು ವರ್ಷದ ಕೆಳಗೆ ಅವರು ಇದ್ದಕ್ಕಿದ್ದಂತೆ ಪೇಟಿ ಬಿಟ್ಟರು. ಹೆಂಡತಿಯ ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟರಂತೆ. ಕೈ ನಡುಗುತ್ತದೆ, ವಯಸ್ಸಾಯಿತು ಎಂದರು ಜನ. ಕೈ ನಡುಗುತ್ತಿದ್ದದ್ದೂ ನಿಜ. ಒಂದು ದಿನ ಮಧ್ಯಾಹ್ನ ಅವರೇ ನಮ್ಮ ಮನೆಗೆ ಬಂದರು. ಕಂಕುಳಲ್ಲಿ ಕರದಂಟಿನ ಹಳೆಯ ಡಬ್ಬಿ. ಅದರಲ್ಲಿ ಹತ್ತು ಹನ್ನೆರಡು ಕ್ಯಾಸೆಟ್ಟು, ಒಂದು ಉದ್ದನೆಯ ನೋಟುಬುಕ್ಕು.

"ಅಕ್ಕಾರ, ನೀವು ಕಾನ್ವೆಂಟಿನವರು. ನಿಮ್ಮ ಕಣ್ಣ ಚೊಕ್ಕ ಅದಾವ. ಇದನ್ನಷ್ಟ ನೋಡ್ರಿ."

ನೋಟುಬುಕ್ಕಿನ ಎಡಪುಟದಲ್ಲಿ ಹಾಡಿನ ಮಾತು, ಬಲಪುಟದಲ್ಲಿ ಸ್ವರ. ಮೇಲೆ ಹಾಡಿದವರ ಹೆಸರು, ಊರು. ದುಂಡಗಿನ, ಒಂದಕ್ಕೊಂದು ತಾಗದ ಅಕ್ಷರ. ಸ್ವರಗಳ ನಡುವೆ ಅಲ್ಲಲ್ಲಿ ಕೆಂಪು ಪೆನ್ಸಿಲ್ಲಿನ ಗುರುತು.

"ಕೆಂಪು ಏನ್ರಿ ಸರ್?"

"ತಪ್ಪು. ಅವರು ತಪ್ಪಿದಲ್ಲೆ ಕೆಂಪು ಮಾಡತಿದ್ದೆ. ಸಾಲ್ಯಾಗ ಹುಡುಗೂರ ಪೇಪರಿಗಿ ಮಾಡತಿದ್ನೆಲ್ಲ, ಹಂಗ. ಮನಿಗೆ ಬಂದ ಪೇಟಿಗಿ ಕೂಡಿಸಿ ತಿದ್ದಿ ಬರೀತಿದ್ದೆ." ಅವರು ಬೆರಳು ನೆಕ್ಕಿ ಹಾಳೆ ತಿರುವಿದರು. "ಈಗ ಹಾಳಿ ತಿರುವ್ಕೋತ ಬರೇ ಕೆಂಪಷ್ಟ ನೋಡ್ರಿ. ಮಾತ ಓದಬ್ಯಾಡ್ರಿ."

ನೋಡುತ್ತ ಹೋದೆ. ಅಂಕಲಗಿಯಾಕೆಯ ಪದದಲ್ಲಿ ಎರಡನೆಯ ಸಾಲಿನ ಕೊನೆ. ಅರಭಾವಿಯಾಕೆಯದೂ ಎರಡನೆಯ ಸಾಲಿನ ಕೊನೆ. ಕಲ್ಲೋಳಿಯ ನಮ್ಮ ಅತ್ತೆಯವರದೂ ಅದೇ. ಹಾಡು ಬೇರೆ, ಊರು ಬೇರೆ, ಒಬ್ಬರ ಮುಖ ಒಬ್ಬರು ಕಂಡವರಲ್ಲ. ಹನ್ನೆರಡು ಕೆಂಪು ಗುರುತು, ಒಂದೇ ಜಾಗದಲ್ಲಿ.

"ಒಬ್ಬಾಕಿ ತಪ್ಪಿದ್ರ ತಪ್ಪು," ಎಂದರು ಮಾಸ್ತರು. "ಹನ್ನೆರಡು ಮಂದಿ ಒಂದ ಜಾಗಾಕ ತಪ್ಪಿದ್ರ ಅದು ತಪ್ಪಲ್ಲರಿ, ಅದು ದಾರಿ. ಕಲ್ಲಿನ ಗೂಟ ಆ ಕಡೆಯಿಂದ ಸುತ್ತಿ ಎದಿ ಕಡೆ ಬರತೈತಲ್ಲ, ಆವಾಗ ಉಸರ ಬಿಗಿತೈತಿ. ದನಿ ಹೋಗಿ ಅಲ್ಲೆ ನಿಂದ್ರತೈತಿ. ಈ ಕಡೆ ಕೋಮಲ ಗಂಧಾರ ಅಲ್ಲ, ಆ ಕಡೆ ಶುದ್ಧ ಅಲ್ಲ. ಎರಡರ ನಡುವ ಒಂದ ಜಾಗಾ. ನನ್ನ ಪೇಟ್ಯಾಗ ಆ ಸುರದ ಮನೀನ ಇಲ್ಲ. ಪೇಟ್ಯಾಗ ಇಲ್ಲಂದ್ರ ಜಗತ್ತಿನ್ಯಾಗ ಇಲ್ಲ ಅಂತ ತಿಳದೆ. ನಲವತ್ತ ವರ್ಷ ಕೆಂಪು ಹಾಕಿದೆ."

"ಕ್ಯಾಸೆಟ್ಟಿನ್ಯಾಗ ಇರಬೇಕಲ್ಲರಿ ಸರ್, ಅವರ ದನಿ?"

ಅವರು ಡಬ್ಬಿಯ ಮುಚ್ಚಳ ಮುಚ್ಚಿದರು. ಮುಚ್ಚಿ, ಮತ್ತೆ ತೆಗೆದು, ಮತ್ತೆ ಮುಚ್ಚಿದರು.

"ಕ್ಯಾಸೆಟ್ಟು ತುಟ್ಟಿ ಇದ್ವು. ಅಜ್ಜಿ ಹಾಡಿದ್ದ ಬರಕೊಂಡ ಮ್ಯಾಲೆ ಅದರ ಮ್ಯಾಲೆನ ಮೇಳದ ಹಾಡ ತುಂಬಿಸಿದೆ. ಎಲ್ಲಾ ಹಂಗ. ನಾನ, ನನ್ನ ಕೈಯಾರೆ." ನನ್ನನ್ನು ನೋಡಿದರು. "ನೀವೂ ಅವತ್ತ ಶಾಬಾಸ್ ಅಂದಿದ್ರಿ."

ಆಡಿದ ಮಾತಿನಲ್ಲಿ ಕಹಿ ಇರಲಿಲ್ಲ. ಚಹಾ ಮಾಡುವ ನೆವದಲ್ಲಿ ಒಳಗೆ ಹೋದೆ.

ಅವರು ಸುಮ್ಮನೆ ಕೂತವರಲ್ಲ. ಅಟ್ಟದ ಪೇಟಿಯನ್ನು ಇಳಿಸಿ, ಬಿಚ್ಚಿ, ಒಳಗಿನ ಹಿತ್ತಾಳೆಯ ನಾಲಿಗೆಯನ್ನು ಅರದಿಂದ ಉಜ್ಜಿ ಆ ಸ್ವರ ಹೊರಡಿಸಲು ನೋಡಿದರು. ನಡುಗುವ ಕೈ. ಒಂದು ನಾಲಿಗೆ ತುಂಡಾಯಿತು. ಇನ್ನೊಂದನ್ನೂ ಕೆಡಿಸಿದರು. ಎರಡು ಮನೆಗಳು ಮೂಕಾದ ಮೇಲೆ ಪೇಟಿ ಮತ್ತೆ ಸೀರೆ ಸುತ್ತಿಕೊಂಡು ಅಟ್ಟ ಏರಿತು. "ಅದರ ಹಲ್ಲ ಕಿತ್ತ ಇಟ್ಟಾರ, ಇನ್ನ ಹಲ್ಲಿಲ್ಲದ ಮುದುಕರು ಇಬ್ಬರು, ಅಟ್ಟದ ಮ್ಯಾಲ ಒಬ್ಬರು, ಕೆಳಗ ಒಬ್ಬರು" ಎಂದು ಅವರ ಹೆಂಡತಿ ಎಲ್ಲರೆದುರು ಹೇಳಿ ನಗಿಸುತ್ತಿದ್ದರು. ಮಾಸ್ತರು ನಗುತ್ತಿರಲಿಲ್ಲ.

ಅವರ ಮನಸ್ಸು ಬೇರೆ ಕಡೆಗೆ ತಿರುಗಲಿ ಎಂದು ನಾನೊಂದು ಸಂಜೆ ನನ್ನ ಫೋನಿನಲ್ಲಿ ಯಾವುದೋ ದೇಶದ ಸಂಗೀತ ಹಚ್ಚಿ ತೋರಿಸಿದೆ. ಅದು ತುರ್ಕಿಯದು. ಬಿಳಿ ಮೀಸೆಯ ಒಬ್ಬ ಮುದುಕರು ಉದ್ದ ಕುತ್ತಿಗೆಯ ತಂತಿವಾದ್ಯ ಎದೆಗೊರಗಿಸಿ ಕೂತಿದ್ದರು. ಹಿಂದೆ ಗಿಟಾರು, ಪಿಟೀಲು ಹಿಡಿದ ಹುಡುಗರು. ಕೆಳಗೆ ಇಂಗ್ಲಿಷಿನಲ್ಲಿ ಬರುತ್ತಿದ್ದುದನ್ನು ಓದಿ ಹೇಳಿದೆ: ಇವರು ತಮ್ಮ ನಾಡಿನ ಹಳ್ಳಿಹಳ್ಳಿ ತಿರುಗಿ ಹಾಡು ಕೂಡಿಸಿದವರು, ಅವನ್ನು ಪಟ್ಟಣದ ವಾದ್ಯಗಳ ನಡುವೆ ತಂದು ಕೂಡಿಸಿದವರು.

"ನಿಮ್ಮಂಥವರ ಅದಾರ್ರಿ ಸರ್, ನೋಡ್ರಿ" ಎಂದೆ.

ಮಾಸ್ತರು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಕಣ್ಣಿನ ತೀರ ಹತ್ತಿರ ಹಿಡಿದರು. ಹಾಡು ಒಂದು ಕಡೆ ಇಳಿದು ನಿಂತಿತು. ಎಲ್ಲಿ ನಿಲ್ಲಬಾರದೋ ಅಲ್ಲಿ. ನನ್ನ ಬೆರಳು ಮಡಚಿಕೊಂಡವು. ಮಾಸ್ತರು ಫೋನನ್ನು ಕಿವಿಗೆ ಒತ್ತಿಕೊಂಡರು.

"ಇದು... ಇದು ಕಲ್ಲೋಳಿ ಅವ್ವಾರ ಜಾಗಾ. ಅಲ್ಲೆ ಹೆಂಗ ಹೋತರಿ ಇದು?"

ಮತ್ತೆ ಹಚ್ಚಲು ಹೇಳಿದರು. ಐದಾರು ಸಲ ನೋಡಿದರು. ಆಮೇಲೆ ಕಿರುಬೆರಳಿನಿಂದ ಆ ವಾದ್ಯದ ಕುತ್ತಿಗೆ ತೋರಿಸಿದರು. ಅಲ್ಲಿ ಸ್ವರದ ಮನೆಗಳು ಕಬ್ಬಿಣದವಲ್ಲ. ದಾರ ಸುತ್ತಿ ಕಟ್ಟಿದವು.

"ನೋಡ್ರಿ, ದಾರ ಕಟ್ಟ್ಯಾರ. ಬೇಕಾದಲ್ಲೆ ಸರಸಬಹುದು. ಅವರೂ ಹೊಸಾದು ಮಾಡ್ಯಾರ, ಮೇಳ ಕಟ್ಟ್ಯಾರ. ಆದ್ರ ಅಜ್ಜಿ ದನಿ ಎಲ್ಲೆ ನಿಂದ್ರತದೋ ಅಲ್ಲಿಗಿ ಮನೀನ ಸರಿಸ್ಯಾರ. ನಾ ಅಜ್ಜಿನ್ನ ಸರಿಸಿದೆ."

ಫೋನು ಕೊಟ್ಟು ಎದ್ದರು. ಹೊಸ್ತಿಲಲ್ಲಿ ನಿಂತು ಕೇಳಿದರು, "ಹನ್ನೆರಡು ಮಂದ್ಯಾಗ ಉಳದಾಕಿ ನಿಮ್ಮ ಅತ್ತಿ ಒಬ್ಬಾಕಿನ. ನಾಳೆ ಬರಲೇನ್ರಿ?"

ಮರುದಿನ ಬಂದರು. ಒಗೆದು ಇಸ್ತ್ರಿ ಮಾಡಿದ ಅಂಗಿ, ಚೀಲದಲ್ಲಿ ಅದೇ ಗೂಟ. ಅತ್ತೆಯವರಿಗೆ ಆಗಿನ್ನೂ ಮರೆವು ಶುರುವಾಗಿತ್ತಷ್ಟೇ. ಮಾಸ್ತರರನ್ನು ಗುರುತಿಸಿ ಸೆರಗು ಹೊದ್ದು ಕೂತರು. ನಾನು ಫೋನನ್ನು ರೆಕಾರ್ಡಿಗೆ ಹಚ್ಚಿ ನೆಲದ ಮೇಲಿಟ್ಟೆ. ಮಾಸ್ತರು ಎರಡೂ ಕೈಯಲ್ಲಿ ಗೂಟ ಹಿಡಿದು ಅವರ ಮುಂದೆ ನೀಡಿದರು.

"ತಿರುವ್ರಿ ಅವ್ವಾರ. ಹಿಡಿ ಜ್ವಾಳ ಸುರೀರಿ."

ಗೂಟ ನೆಲದ ಫರಶಿಯ ಮೇಲೆ ಗರಗರ ತಿರುಗಿತು. ಅತ್ತೆಯವರು ಕಣ್ಣು ಮುಚ್ಚಿದರು. ಹಾಡಿದರು. ಮುಪ್ಪಿನಲ್ಲಿ ಸಣ್ಣಗಾದ, ಆದರೆ ಅಲುಗದ ದನಿ. ಮೊದಲ ಸಾಲು ಮುಗಿಯಿತು. ಎರಡನೆಯ ಸಾಲು ಹತ್ತಿರ ಬಂದಾಗ ಮಾಸ್ತರರ ಬಾಯಿ ತಾನೇ ತೆರೆದುಕೊಂಡಿತು. 'ನನ ಕಲ್ಲ.'

ಸ್ಪಷ್ಟವಾದ ಶುದ್ಧ ಗಂಧಾರ. ಪೇಟಿಯ ಬಿಳಿ ಮನೆಯ ಮೇಲೆ ಬೆರಳಿಟ್ಟಂತೆ. ಎರಡನೆಯ ನುಡಿಯಲ್ಲೂ ಹಾಗೆಯೇ, ಮೂರನೆಯದರಲ್ಲೂ ಹಾಗೆಯೇ.

ಅತ್ತೆಯವರು ಕಣ್ಣು ತೆರೆದರು. ಮುಖದ ತುಂಬ ನಗು. "ಹೆಂಗಾತ್ರಿ ಮಾಸ್ತರ? ರೇಡಿಯೋದಾಗ ಬಂದಂಗ ಹಾಡಿದೆ. ಒಂದೂ ತಪ್ಪಿಲ್ಲ."

"ಅವ್ವಾರ, ಇದಲ್ಲ. ಹಳೇದು ಹಾಡ್ರಿ. ನಾ ಮೊದಲ ಸಲ ಬಂದಾಗ ಹಾಡಿದ್ದು."

"ಹಳೇದ? ಅದು ತಪ್ಪ ಇತ್ತಲ್ಲರಿ. ನೀವ ಅಂದಿದ್ರಿ, ಅವ್ವಾರ ಇಲ್ಲೆ ಜರಾ ತಪ್ಪತೈತಿ ಅಂತ. ನನಗ ಎಷ್ಟ ನಾಚಿಕಿ ಆಗಿತ್ತು! ಊರ ಮುಂದ ನನ್ನ ಹಾಡ ಬರೂದು, ಅದರಾಗ ತಪ್ಪ? ರೇಡಿಯೋ ಮುಂದ ಕುಂತ ತಿದ್ದಿಕೊಂಡೆ. ಒಂದ ಮಳಿಗಾಲ ಪೂರಾ ಹಿಡೀತು. ನಮ್ಮವರು ಬೈತಿದ್ರು, ಏನ ಅದ ಅದ ಹೇಳತಿ ಅಂತ."

"ಒಂದ ಸಲ ತಪ್ಪ ಹಾಡ್ರಿ ಅವ್ವಾರ. ನನ್ನ ಸಲವಾಗಿ."

"ಅಯ್ಯ, ತಪ್ಪ ಹೆಂಗ ಹಾಡೂದ್ರಿ?" ಅತ್ತೆಯವರು ಪ್ರಾಮಾಣಿಕವಾಗಿ ಪ್ರಯತ್ನಿಸಿದರು. ದನಿಯನ್ನು ಬೇಕೆಂದೇ ಒಡೆದರು, ಎಲ್ಲೆಲ್ಲೋ ಹೋದರು. ನಗು ಬಂದು ಕೆಮ್ಮಿದರು. "ಬಾಯಿ ತಿರುಗವಲ್ದು. ನೀವ ಛಂದಂಗ ಕಲಿಸೀರಿ."

ಮಾಸ್ತರು ಎದ್ದು, ಬಾಗಿ, ಅತ್ತೆಯವರ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು. ಅವರು "ಅಯ್ಯಯ್ಯ ಗುರುಗಳು ನೀವು" ಎಂದು ಕಾಲು ಹಿಂದೆಳೆದುಕೊಂಡರು. ಗೂಟವನ್ನು ಮಾಸ್ತರು ವಾಪಸು ತೆಗೆದುಕೊಳ್ಳಲಿಲ್ಲ.

"ಇದು ಇಲ್ಲೇ ಇರಲಿ. ಎಂದರ ಒಂದ ದಿನ ತಾವ ತಿರುವಿಕೋತ ಕುಂತಾಗ..." ಮಾತು ಅರ್ಧಕ್ಕೆ ಬಿಟ್ಟು ನನ್ನ ಕಡೆ ತಿರುಗಿದರು. "ನಾ ಕಲಿಸಿದ್ದು ಅವರು ಮರತ್ರ, ಅಕ್ಕಾರ, ತಳದಾಗಿಂದು ಮ್ಯಾಲ ಬಂದೀತು. ಬಂದ್ರ ನನಗೊಂದ ಫೋನ ಹಚ್ಚರಿ. ಯಾವ ಹೊತ್ತ ಇದ್ರೂ ಹಚ್ಚರಿ. ಬರೇ ಕೇಳತೇನಿ, ಬರಕೊಳ್ಳೂದಿಲ್ಲ."

ಹಚ್ಚುತ್ತೇನೆ ಎಂದೆ. ಮಾತು ಕೊಟ್ಟೆ.

ಮೊದಲ ಆರು ತಿಂಗಳು ಫೋನನ್ನು ಆ ಕಿಟಕಿಯ ಕಟ್ಟೆಯ ಮೇಲೆಯೇ ಇಡುತ್ತಿದ್ದೆ. ಅತ್ತೆಯವರು ಗೂಟ ತಿರುಗಿಸುತ್ತಿದ್ದರು, ಬಾಯಿ ತೆರೆಯುತ್ತಿರಲಿಲ್ಲ. ಒಂದೊಂದಾಗಿ ಎಲ್ಲ ಮರೆತರು. ಮೇಳದ ಹಾಡು ಹಚ್ಚಿದರೆ, "ಯಾರ ಮದವಿ?" ಎಂದು ಕೇಳತೊಡಗಿದರು. ನಾನೂ ಮನೆಯ ಕೆಲಸದಲ್ಲಿ ಸಡಿಲಾದೆ. ಫೋನು ಮತ್ತೆ ಅಡುಗೆಮನೆಯ ಕಪಾಟಿಗೆ ಬಂತು. ಗೂಟ ಅವರನ್ನು ಸುಮ್ಮನೆ ಕೂಡಿಸುವ ಆಟಿಕೆಯಾಯಿತು. ಮಾಸ್ತರು ಮಾತ್ರ ವಾರಕ್ಕೊಮ್ಮೆ ಕಾಲಿಗೆ ಕ್ಲಿಪ್ಪು ಹಾಕಿಕೊಂಡು ನಮ್ಮ ಗೇಟಿನ ಹತ್ತಿರ ಬಂದು ನಿಲ್ಲುವರು. ಒಳಗೆ ಬರುತ್ತಿರಲಿಲ್ಲ.

"ಏನರ ಐತೇನ್ರಿ ಅಕ್ಕಾರ?"

"ಇಲ್ಲರಿ ಸರ್."

"ಆತ್ರಿ."

ಇಷ್ಟೇ. ಕೊನೆಯ ಸಲ ಬಂದದ್ದು ತೀರಿಕೊಳ್ಳುವ ನಾಲ್ಕು ದಿನ ಮೊದಲು. ಅವತ್ತೂ ನಳ ಬಂದಿತ್ತು. ಮೋಟಾರಿನ ಸದ್ದಿನಲ್ಲಿ ಅವರು ಕೇಳಿದ್ದು ನನಗೆ ಕೇಳಿಸಲಿಲ್ಲ. ತುಟಿ ನೋಡಿ, ಇಲ್ಲವೆಂದು ತಲೆಯಾಡಿಸಿದೆ.

ತೀರಿಕೊಂಡ ದಿನ ಮಧ್ಯಾಹ್ನದ ಹೊತ್ತಿಗೆ ಮಾಸ್ತರರಿಗೆ ಸ್ನಾನ ಮಾಡಿಸಿ, ವಿಭೂತಿ ಧರಿಸಿ, ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂಡಿಸಿದ್ದರು. ಹುಕ್ಕೇರಿಯಿಂದ ಬಳಗದವರು ಬಂದರು, ಮೂಡಲಗಿಯಿಂದ ಹಳೆಯ ವಿದ್ಯಾರ್ಥಿಗಳು ಬಂದರು. ಯಾರೋ ಪೇಟಿ ಪಕ್ಕದಲ್ಲಿರಲಿ ಎಂದು ಅಟ್ಟದಿಂದ ಇಳಿಸಿ ತಂದಿಟ್ಟರು. ಸೀರೆ ಬಿಚ್ಚಿದಾಗ ಎರಡು ಮನೆಗಳು ಒಳಗೆ ಕುಸಿದದ್ದು ಕಾಣಿಸಿತು. ಅವರ ಹೆಂಡತಿ ಆ ಜಾಗಕ್ಕೆ ಸರಿಯಾಗಿ ಒಂದು ಸೇವಂತಿಗೆ ಹೂವಿಟ್ಟರು. ಜನ ಅದನ್ನು ಪೂಜೆ ಎಂದುಕೊಂಡರು.

ಮೇಳದ ಹೆಂಗಸರು ಬಿಳಿ ಸೀರೆ ಉಟ್ಟು ಸುತ್ತ ಕೂತರು. ನಮ್ಮ ಪಕ್ಕದ ಮನೆಯ ನೀಲಕ್ಕ ಮುಂದಿನ ಸಾಲಿನಲ್ಲಿ. ಇಪ್ಪತ್ತು ವರ್ಷ ಮಾಸ್ತರರ ಹತ್ತಿರ ಕಲಿತವಳು. ಹತ್ತು ಜನರಲ್ಲಿ ಯಾರ ದನಿ ಜರುಗಿದರೂ ಮೊದಲು ತಿರುಗಿ ನೋಡುವವಳು ಅವಳೇ. ಒಬ್ಬ ಶಿಷ್ಯ ಕೀಬೋರ್ಡು ನುಡಿಸಿದ. ವಚನ ಹಾಡಿದರು, ಭಜನೆಯ ಪದ ಹಾಡಿದರು. ಕೊನೆಗೆ, ಎತ್ತುವ ಮೊದಲು, ಮಾಸ್ತರರಿಗೆ ಬಹಳ ಪ್ರೀತಿಯದೆಂದು 'ಹಿಡಿ ಜ್ವಾಳ ಸುರದೇನ' ಹಾಡಿದರು. ಹತ್ತು ಗಂಟಲು, ಒಂದೇ ದನಿ. 'ನನ ಕಲ್ಲ' ಬಂದಾಗಲೆಲ್ಲ ಎಲ್ಲರೂ ಒಟ್ಟಿಗೆ ಶುದ್ಧ ಗಂಧಾರಕ್ಕೆ ಬಂದು ನಿಂತರು. ಎಳ್ಳಷ್ಟೂ ತಪ್ಪಲಿಲ್ಲ. ನಾನು ಮಾಸ್ತರರ ಮುಖ ನೋಡಲಾರದೆ ಅವರ ಕಾಲು ನೋಡಿದೆ. ಪಂಚೆ ಉಡಿಸಿದ್ದರು. ಯಾರೋ ನೆನಪಿನಿಂದ ಕ್ಲಿಪ್ಪು ತೆಗೆದಿಟ್ಟಿದ್ದರು.

ಮಣ್ಣು ಮುಗಿಸಿ ಗಂಡಸರು ಬರುವ ಹೊತ್ತಿಗೆ ಐದೂವರೆ. ನಾನು ಹೊರಡುವಾಗ ಮಾಸ್ತರರ ಹೆಂಡತಿ ಕರದಂಟಿನ ಡಬ್ಬಿ ನನ್ನ ಕೈಗಿಟ್ಟರು. "ಒಯ್ಯರಿ. ಇದನ್ನ ನೋಡಿಕೋತ ಕುಂತ ಕುಂತ ಹೋದ್ರು. ನನಗ ಮನ್ಯಾಗ ಬ್ಯಾಡ."

ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡೆ. ಅತ್ತೆಯವರಿಗೆ ಮೊಸರನ್ನ ಉಣಿಸುತ್ತ, "ಪೇಟಿ ಮಾಸ್ತರ ಹೋದ್ರರಿ" ಎಂದೆ. "ಯಾವ ಮಾಸ್ತರ?" ಎಂದರು. ಇನ್ನೊಂದು ತುತ್ತಿಗೆ ಬಾಯಿ ತೆರೆದರು.

ಹೊತ್ತು ಮುಳುಗುತ್ತಿತ್ತು. ಒದ್ದೆ ಕೂದಲು ಬಿಟ್ಟುಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತು ಡಬ್ಬಿ ತೆಗೆದೆ. ನೋಟುಬುಕ್ಕಿನಲ್ಲಿ ಕಲ್ಲೋಳಿಯ ಹಾಳೆ ಹುಡುಕಿ, ಕೆಂಪು ಗುರುತಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ. ಗುರುತು ಎಲ್ಲಿ ಎಂಬುದನ್ನು ಹೇಳುತ್ತಿತ್ತು, ಏನು ಎಂಬುದನ್ನು ಹೇಳುತ್ತಿರಲಿಲ್ಲ. ಕಾಂಪೌಂಡಿನ ಆಚೆ ನೀಲಕ್ಕ ತನ್ನ ಮಾಳಿಗೆಯ ಮೇಲೆ, ಮುಂಜಾನೆ ಒಗೆದು ಹಾಕಿದ ಬಟ್ಟೆ ತೆಗೆಯುತ್ತಿದ್ದಳು. ಅಲ್ಲಿಂದ ನಮ್ಮ ಹಿಂದಿನ ಕೋಣೆಯ ಕಿಟಕಿ ನೇರಕ್ಕೆ ಕಾಣುತ್ತದೆ.

"ವೈನಿ, ಮಾಸ್ತರಗ ಛಲೋ ಸಾವ ಬಂತ ಬಿಡ್ರಿ. ಹಾಸಗಿ ಹಿಡೀಲಿಲ್ಲ, ಯಾರಿಗೂ ತ್ರಾಸ ಕೊಡಲಿಲ್ಲ."

"ಹೂಂ" ಎಂದೆ.

ಅವಳು ಒಂದು ಸೀರೆಯ ಮಡಿಕೆ ಹಾಕಿದಳು, ಹೆಗಲ ಮೇಲೆ ಹಾಕಿಕೊಂಡಳು. ಕ್ಲಿಪ್ಪುಗಳನ್ನು ಬಾಯಲ್ಲಿ ಕಚ್ಚಿಕೊಂಡು ಇನ್ನೊಂದಕ್ಕೆ ಕೈ ಚಾಚಿದವಳು, ಏನೋ ನೆನಪಾದಂತೆ ಅವನ್ನು ಬಾಯಿಂದ ತೆಗೆದು ಹೇಳಿದಳು:

"ಅಲ್ಲರಿ ವೈನಿ, ಹೇಳೂದ ಮರತಿದ್ದೆ. ಮುಂಜಾನಿ ಏಳರ ಸುಮಾರ ನಾ ಅರಬಿ ಒಣಗಾಕ ಹಾಕಾಕತ್ತಿದ್ದೆ, ನಿಮ್ಮ ಅತ್ತಿ ಕಿಟಕ್ಯಾಗ ಕುಂತ ಹಿಡಿ ಜ್ವಾಳದ ಪದ ಹಾಡಾಕತ್ತಿದ್ರು. ನಾಕ ನುಡಿ ಹಾಡಿದ್ರು, ಮಾತೆಲ್ಲಾ ನೆಟ್ಟಗ ನೆನಪದಾವ. ಆದ್ರ ವಯಸ್ಸಾತ ನೋಡ್ರಿ, ಮಾಸ್ತರ ಕಲಿಸಿದ್ದ ಸುರ ಮರತಾರ. 'ನನ ಕಲ್ಲ' ಬಂದಾಗೆಲ್ಲಾ ಅದ ಒಂದ ಜಾಗಾದಾಗ ತಪ್ಪಾಕತ್ತಿದ್ರು."